ಹೊಟ್ಟೆಯ ಚೂರು ಪರೀಕ್ಷೆ: ಹೆದರುವುದೇಕೆ, ತಡಮಾಡುವುದೇಕೆ?

ನಮ್ಮ ಕಡೆ ‘ಗ್ಯಾಸ್ಟ್ರಿಕ್’ ಎಂಬ ಪದ ಕೇಳದ ಮನೆಯಿಲ್ಲ. ಎದೆ ಉರಿದರೆ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬರಿಸಿದರೆ ಗ್ಯಾಸ್ಟ್ರಿಕ್, ಊಟ ಸೇರದಿದ್ದರೆ ಗ್ಯಾಸ್ಟ್ರಿಕ್, ತಲೆ ತಿರುಗಿದರೂ ಗ್ಯಾಸ್ಟ್ರಿಕ್. ಆದರೆ ಈ ಪದಕ್ಕೆ ‘ಜಠರಕ್ಕೆ ಸಂಬಂಧಿಸಿದ್ದು’ ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ಅದು ರೋಗದ ಹೆಸರಲ್ಲ, ತೊಂದರೆ ಇರುವ ಜಾಗದ ಹೆಸರು ಅಷ್ಟೆ. ‘ತೋಟದಲ್ಲಿ ಏನೋ ಆಗಿದೆ’ ಎಂದಷ್ಟೇ ಹೇಳಿ ಗೊಬ್ಬರದಂಗಡಿಯಲ್ಲಿ ಔಷಧ ಕೇಳಿದಂತೆಯೇ ಇದು.

ಅಡಿಕೆ ಮರದ ಸೋಗೆ ಹಳದಿಗಟ್ಟಿದರೆ ಅದಕ್ಕೆ ಕಾರಣ ಒಂದೇ ಎಂದು ಅನುಭವವುಳ್ಳ ಬೆಳೆಗಾರರು ಯಾರೂ ಹೇಳುವುದಿಲ್ಲ. ಬಸಿಗಾಲುವೆ ಕಟ್ಟಿಕೊಂಡು ಬುಡದಲ್ಲಿ ನೀರು ನಿಂತಿರಬಹುದು, ಬೇರುಹುಳ ತಗಲಿರಬಹುದು, ಪೋಷಕಾಂಶದ ಕೊರತೆ ಇರಬಹುದು, ಹಳದಿ ಎಲೆ ರೋಗವೇ ಬಂದಿರಬಹುದು. ಬುಡ ಬಿಡಿಸಿ ಬೇರು ನೋಡಿ, ಮಣ್ಣು ಪರೀಕ್ಷೆ ಮಾಡಿಸಿ, ಆಮೇಲೆ ಖರ್ಚಿಗೆ ಕೈ ಹಾಕುತ್ತೇವೆ. ಮರಕ್ಕೆ ತೋರಿಸುವ ಈ ವಿವೇಕವನ್ನು ನಮ್ಮ ಹೊಟ್ಟೆಗೆ ಮಾತ್ರ ತೋರಿಸುವುದಿಲ್ಲ. ಸೋಡಾ ಶರಬತ್ತು, ಜೀರಿಗೆ ಕಷಾಯ, ಪುನರ್ಪುಳಿ ಸಾರು, ಆಮೇಲೆ ಪೇಟೆಯ ಅಂಗಡಿಯಿಂದ ಹತ್ತು ಮಾತ್ರೆ, ಮತ್ತೆ ಹತ್ತು ಮಾತ್ರೆ, ಹೀಗೆ ವರ್ಷ ಕಳೆಯುತ್ತದೆ.

ಕೊನೆಗೆ ವೈದ್ಯರ ಬಳಿ ಹೋದಾಗ ಅವರು ‘ಎಂಡೋಸ್ಕೋಪಿ ಮಾಡಿ ಒಂದೆರಡು ಚೂರು ಬಯಾಪ್ಸಿಗೆ ಕಳಿಸೋಣ’ ಎಂದೊಡನೆ ಮನೆಯವರ ಮುಖ ಬಾಡುತ್ತದೆ. ಬಯಾಪ್ಸಿ ಎಂದರೆ ಕ್ಯಾನ್ಸರೇ ಸರಿ ಎಂದು ಕೆಲವರು, ಚೂರು ತೆಗೆದರೆ ರೋಗ ಕೆದಕಿದಂತಾಗಿ ಹರಡುತ್ತದೆ ಎಂದು ಕೆಲವರು ಹೇಳುತ್ತಾರೆ. ಎರಡೂ ತಪ್ಪು. ಬಯಾಪ್ಸಿ ಎಂಬುದು ರೋಗದ ಹೆಸರಲ್ಲ, ರೋಗದ ಹೆಸರನ್ನು ಕಂಡುಹಿಡಿಯುವ ದಾರಿ. ಜಠರದ ಒಳಪದರದಿಂದ ಹೀಗೆ ಚೂರು ತೆಗೆದುದರಿಂದ ರೋಗ ಹರಡುವುದೂ ಇಲ್ಲ. ಈ ಪರೀಕ್ಷೆ ಹೇಗೆ ನಡೆಯುತ್ತದೆ, ಅದರಿಂದ ಏನು ತಿಳಿಯುತ್ತದೆ, ನಾವು ಏನು ಜಾಗ್ರತೆ ವಹಿಸಬೇಕು ಎಂಬುದನ್ನು ಸದಸ್ಯ ಬಾಂಧವರ ಮುಂದಿಡಲು ಇಲ್ಲಿ ಪ್ರಯತ್ನಿಸಿದ್ದೇವೆ.

ನೋವು ಒಂದೇ, ಕಾರಣ ಹಲವು

ಜಠರ ಒಂದು ಸ್ನಾಯುವಿನ ಚೀಲ. ಅದರ ಒಳಮೈಗೆ ಲೋಳೆಪೊರೆಯ ಹೊದಿಕೆಯಿದೆ. ಆಹಾರವನ್ನು ಕರಗಿಸಲು ಅಲ್ಲಿ ಪ್ರಬಲವಾದ ಹೈಡ್ರೋಕ್ಲೋರಿಕ್ ಆಮ್ಲ ಒಸರುತ್ತದೆ. ಆ ಆಮ್ಲ ಜಠರವನ್ನೇ ಕರಗಿಸದಂತೆ ಕಾಯುವುದು ಈ ಲೋಳೆಪೊರೆಯೇ. ಈ ಕಾವಲು ಸಡಿಲವಾದಾಗ ಉರಿ, ಹುಣ್ಣು, ರಕ್ತಸ್ರಾವ ಮೊದಲಾದ ತೊಂದರೆಗಳು ತಲೆದೋರುತ್ತವೆ.

ಕಾವಲು ಸಡಿಲವಾಗಲು ಕಾರಣಗಳು ಹಲವು. ಒಂದು ಬಗೆಯ ರೋಗಾಣು ಅಲ್ಲಿ ನೆಲೆಯೂರಿರಬಹುದು. ಬೆನ್ನುನೋವು, ಮಂಡಿನೋವಿಗೆಂದು ನಿತ್ಯವೂ ನುಂಗುವ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಮುಂತಾದ ಮಾತ್ರೆಗಳು ಹುಣ್ಣು ಮಾಡಿರಬಹುದು. ಕೆಲವರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ತಿರುಗಿ ಜಠರದ ಗ್ರಂಥಿಗಳನ್ನು ನಾಶಮಾಡುವುದುಂಟು. ಅಂಥವರಿಗೆ ಬಿ-12 ಜೀವಸತ್ವ ಸೇರದೆ ರಕ್ತಹೀನತೆ ಬರುತ್ತದೆ. ಅಪರೂಪವಾಗಿ ಕ್ಯಾನ್ಸರಿನ ಮೊದಲ ಹೆಜ್ಜೆಯೂ ಆಗಿರಬಹುದು. ಇವುಗಳಲ್ಲಿ ಯಾವುದೂ ಇಲ್ಲದೆ ಜಠರದ ಚಲನೆ ಮತ್ತು ಸಂವೇದನೆಯ ಏರುಪೇರಿನಿಂದಲೇ ಅಜೀರ್ಣ ಕಾಣಿಸಿಕೊಳ್ಳುವವರು ಹೆಚ್ಚಿನ ಸಂಖ್ಯೆಯಲ್ಲಿದ್ದಾರೆ ಎಂಬುದು ಸಮಾಧಾನದ ಸಂಗತಿ. ಆದರೆ ಇವರೆಲ್ಲರೂ ವೈದ್ಯರ ಮುಂದೆ ಹೇಳುವ ಮಾತು ಒಂದೇ: ‘ಹೊಟ್ಟೆ ಮೇಲ್ಭಾಗದಲ್ಲಿ ಉರಿ, ನೋವು, ಭಾರ.’

ಹೊಟ್ಟೆಯೊಳಗನ್ನು ಸುಲಭವಾಗಿ ಕಣ್ಣಾರೆ ನೋಡುವ ಅನುಕೂಲ ಬಂದದ್ದು 1957ರಲ್ಲಿ. ಬೇಸಿಲ್ ಹಿರ್ಷೊವಿಟ್ಜ್ ಎಂಬ ವೈದ್ಯರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಕೂದಲಿನಂಥ ಗಾಜಿನ ಎಳೆಗಳ ಕಟ್ಟಿನಿಂದ ಬೇಕಾದಂತೆ ಬಾಗುವ ದರ್ಶಕವನ್ನು ಸಿದ್ಧಪಡಿಸಿದರು. ಇಂದಿನ ಎಂಡೋಸ್ಕೋಪಿನ ತುದಿಯಲ್ಲಿ ಪುಟ್ಟ ಕ್ಯಾಮೆರಾ ಇದ್ದು, ಒಳಗಿನ ಚಿತ್ರ ಪರದೆಯ ಮೇಲೆ ಮೂಡುತ್ತದೆ. ಆದರೂ ಕಣ್ಣಿನ ಸಾಮರ್ಥ್ಯಕ್ಕೆ ಮಿತಿಯಿದೆ. ಕೆಂಪಾಗಿ ಕಂಡ ಲೋಳೆಪೊರೆ ಸೂಕ್ಷ್ಮದರ್ಶಕದಡಿ ಸರಿಯಾಗಿಯೇ ಇರಬಹುದು. ಸರಿಯಾಗಿ ಕಂಡದ್ದರಲ್ಲಿ ಉರಿಯೂತ ಇರಬಹುದು. ಸಾಧಾರಣ ಹುಣ್ಣಿಗೂ ಕ್ಯಾನ್ಸರಿನ ಹುಣ್ಣಿಗೂ ಇರುವ ವ್ಯತ್ಯಾಸ ನುರಿತ ಕಣ್ಣಿಗೂ ಕೆಲವೊಮ್ಮೆ ತಪ್ಪಿಹೋಗುತ್ತದೆ. ಆಗ ತೀರ್ಪು ಹೇಳಬೇಕಾದದ್ದು ಆ ಜಾಗದ ಅಂಗಾಂಶವೇ.

ಚೂರು ತೆಗೆಯುವ ಕ್ರಮ

ಪರೀಕ್ಷೆಗೆ ಹೋಗುವಾಗ ಹೊಟ್ಟೆ ಬರಿದಾಗಿರಬೇಕು. ಸಾಮಾನ್ಯವಾಗಿ 6ರಿಂದ 8 ಗಂಟೆ ಏನನ್ನೂ ತಿಂದಿರಬಾರದು. ಗಂಟಲಿಗೆ ಮರಗಟ್ಟಿಸುವ ಔಷಧ ಸಿಂಪಡಿಸುತ್ತಾರೆ. ಅಗತ್ಯವಿದ್ದರೆ ಮಂಪರು ಬರುವ ಚುಚ್ಚುಮದ್ದು ಕೊಡುತ್ತಾರೆ. ಎಡಮಗ್ಗುಲಾಗಿ ಮಲಗಿಸಿ, ಕಿರುಬೆರಳಿನ ಗಾತ್ರದ ಮೆತ್ತನೆಯ ಕೊಳವೆಯನ್ನು ಬಾಯಿಯ ಮೂಲಕ ಇಳಿಸಿ ಅನ್ನನಾಳ, ಜಠರ, ಸಣ್ಣ ಕರುಳಿನ ಮೊದಲ ಭಾಗ ಇವಿಷ್ಟನ್ನೂ ನೋಡುತ್ತಾರೆ. ಓಕರಿಕೆ ಬಂದಂತಾಗುವುದು ಸಹಜ. ಕೆಲಸವೆಲ್ಲ ಸಾಧಾರಣವಾಗಿ ಹತ್ತು ಹದಿನೈದು ನಿಮಿಷದೊಳಗೆ ಮುಗಿಯುತ್ತದೆ.

ಆ ಕೊಳವೆಯೊಳಗೇ ಒಂದು ಸಣ್ಣ ಚಿಮಟವನ್ನು ಕಳಿಸಿ ಲೋಳೆಪೊರೆಯ ಚೂರನ್ನು ಕಚ್ಚಿ ತೆಗೆಯುತ್ತಾರೆ. ಚೂರಿನ ಗಾತ್ರ ಕೇವಲ 2ರಿಂದ 3 ಮಿಲಿಮೀಟರು, ಸಾಸಿವೆ ಕಾಳಿಗಿಂತ ತುಸು ದೊಡ್ಡದು. ಕಚ್ಚಿದ್ದು ರೋಗಿಗೆ ನೋವಾಗಿ ತಿಳಿಯುವುದಿಲ್ಲ. ಒಂದೆರಡು ಹನಿ ರಕ್ತ ಬಂದರೂ ತಾನಾಗಿಯೇ ನಿಲ್ಲುತ್ತದೆ. ದೊಡ್ಡ ಅಪಾಯ ಬಹಳ ವಿರಳ.

ಎಷ್ಟು ಚೂರು ತೆಗೆಯಬೇಕು? ಇದು ಮುಖ್ಯವಾದ ಪ್ರಶ್ನೆ. ಮಣ್ಣಿನ ಪರೀಕ್ಷೆಗೆ ತೋಟದ ಒಂದೇ ಮೂಲೆಯ ಮಣ್ಣು ತರಬಾರದೆಂದು, ಅಂಕುಡೊಂಕಾಗಿ ನಡೆದು ಹತ್ತಾರು ಕಡೆಯ ಮಣ್ಣು ಸೇರಿಸಬೇಕೆಂದು ಕೃಷಿ ಅಧಿಕಾರಿಗಳು ಹೇಳುವುದು ನಮಗೆಲ್ಲ ಗೊತ್ತು. ಜಠರದಲ್ಲಿಯೂ ಹಾಗೆಯೇ. ರೋಗ ಎಲ್ಲ ಕಡೆಯೂ ಸಮನಾಗಿ ಹಬ್ಬಿರುವುದಿಲ್ಲ. 1990ರಲ್ಲಿ ಸಿಡ್ನಿಯಲ್ಲಿ ರೂಪಿಸಿ 1994ರಲ್ಲಿ ಹ್ಯೂಸ್ಟನ್ನಿನಲ್ಲಿ ತಿದ್ದಿದ ಕ್ರಮದಂತೆ, ಉರಿಯೂತವನ್ನು ಅಳೆಯಲು ಜಠರದ ಕೆಳಭಾಗದಿಂದ 2, ಮಧ್ಯಭಾಗದಿಂದ 2, ಇವೆರಡರ ನಡುವಿನ ತಿರುವಿನಿಂದ 1, ಒಟ್ಟು 5 ಚೂರು ತೆಗೆಯಬೇಕು. ಹುಣ್ಣು ಕಂಡರೆ ಅದರ ಅಂಚಿನ ಸುತ್ತಲಿಂದ 6 ಅಥವಾ ಅದಕ್ಕಿಂತ ಹೆಚ್ಚು ಬೇಕು. 1982ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜಠರದ ಕ್ಯಾನ್ಸರ್ ಮೊದಲನೆಯ ಚೂರೊಂದರಿಂದಲೇ ಪತ್ತೆಯಾದದ್ದು 100ಕ್ಕೆ ಸುಮಾರು 70ರಲ್ಲಿ. 7 ಚೂರು ತೆಗೆದಾಗ ಅದು 98ಕ್ಕೆ ಏರಿತು. ಆದುದರಿಂದ ‘ಅಷ್ಟೊಂದು ಚೂರು ಯಾಕೆ ತೆಗೆದರು’ ಎಂದು ಗಾಬರಿಯಾಗಬೇಕಾಗಿಲ್ಲ. ಹೆಚ್ಚು ತೆಗೆದದ್ದು ನಮ್ಮ ಹಿತಕ್ಕಾಗಿಯೇ.

ಮೇಣದ ಅಚ್ಚಿನಿಂದ ಗಾಜಿನ ಪಟ್ಟಿಗೆ

ತೆಗೆದ ಚೂರನ್ನು ಕೂಡಲೇ ಫಾರ್ಮಲಿನ್ ದ್ರಾವಣದಲ್ಲಿ ಹಾಕುತ್ತಾರೆ. ಅದರಿಂದ ಚೂರು ಕೊಳೆಯದೆ ಇದ್ದ ಸ್ಥಿತಿಯಲ್ಲೇ ಉಳಿಯುತ್ತದೆ. ಪ್ರಯೋಗಾಲಯದಲ್ಲಿ ಅದರ ನೀರಿನಂಶವನ್ನು ಮದ್ಯಸಾರದಿಂದ ಹಂತಹಂತವಾಗಿ ತೆಗೆದು, ಕರಗಿದ ಮೇಣವನ್ನು ಒಳಗೆ ಹೋಗಿಸಿ, ಅಚ್ಚು ಹಾಕುತ್ತಾರೆ. ಅಚ್ಚು ಗಟ್ಟಿಯಾದ ಮೇಲೆ ಮೈಕ್ರೋಟೋಮ್ ಎಂಬ ಯಂತ್ರದಲ್ಲಿ ಅದನ್ನು 3ರಿಂದ 5 ಮೈಕ್ರಾನ್ ದಪ್ಪದ ಹಾಳೆಗಳಾಗಿ ಹೆರೆಯುತ್ತಾರೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ನಮ್ಮ ತಲೆಗೂದಲಿನ ದಪ್ಪದಲ್ಲಿ ಇಂಥ ಹತ್ತಕ್ಕೂ ಹೆಚ್ಚು ಹಾಳೆ ಹಿಡಿಯುತ್ತವೆ.

ಹಾಳೆಯನ್ನು ಗಾಜಿನ ಪಟ್ಟಿಗೆ ಅಂಟಿಸಿ ಬಣ್ಣ ಹಾಕುತ್ತಾರೆ. ಹೆಮಟಾಕ್ಸಿಲಿನ್ ಎಂಬ ಬಣ್ಣದಿಂದ ಜೀವಕೋಶದ ನಡುಬೀಜ ನೀಲಿಯಾಗುತ್ತದೆ, ಇಯೋಸಿನ್ ಎಂಬ ಬಣ್ಣದಿಂದ ಸುತ್ತಲಿನ ಭಾಗ ಗುಲಾಬಿಯಾಗುತ್ತದೆ. ಮೊದಲನೆಯ ಬಣ್ಣ ದೊರೆಯುವುದು ಮಧ್ಯ ಅಮೆರಿಕದ ಒಂದು ಮರದ ತಿರುಳಿನಿಂದ ಎಂಬುದು ಗಿಡಮರದ ನಡುವೆ ಬಾಳುವ ನಮಗೆ ಕುತೂಹಲದ ವಿಷಯ. ಬಣ್ಣ ಹಾಕಿದ ಪಟ್ಟಿಯನ್ನು ಪೆಥಾಲಜಿಸ್ಟ್, ಎಂದರೆ ರೋಗಶಾಸ್ತ್ರದ ವೈದ್ಯರು, ಸೂಕ್ಷ್ಮದರ್ಶಕದಡಿ ಓದುತ್ತಾರೆ. ಗ್ರಂಥಿಗಳು ಸಾಲಾಗಿವೆಯೇ, ಕೆಟ್ಟಿವೆಯೇ. ಉರಿಯೂತದ ಬಿಳಿ ರಕ್ತಕಣಗಳು ನುಗ್ಗಿವೆಯೇ. ಜೀವಕೋಶಗಳು ಸ್ವರೂಪ ಬದಲಿಸಿವೆಯೇ. ರೋಗಾಣು ಕಾಣುತ್ತದೆಯೇ ಎಂದು ಒಂದೊಂದಾಗಿ ನೋಡುತ್ತಾರೆ. ವರದಿ ಬರಲು ಹಲವು ದಿನ ಹಿಡಿಯುವುದು ಈ ಎಲ್ಲ ಕೆಲಸದಿಂದಾಗಿ. ತಡವಾಯಿತೆಂದರೆ ಕೆಟ್ಟ ಸುದ್ದಿಯೆಂದು ಊಹಿಸಬೇಕಾಗಿಲ್ಲ.

ಪರ್ತ್ ನಗರದಲ್ಲಿ ನಡೆದದ್ದು

ಇಷ್ಟು ಸಣ್ಣ ಚೂರಿನಿಂದ ಎಷ್ಟು ದೊಡ್ಡ ಸಂಗತಿ ಹೊರಬರಬಹುದು ಎಂಬುದಕ್ಕೆ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ನಡೆದ ಒಂದು ಶೋಧವನ್ನು ಹೇಳಬೇಕು.

ಆಗಿನ ಕಾಲದಲ್ಲಿ ಹೊಟ್ಟೆಯ ಹುಣ್ಣಿಗೆ ಅತಿಯಾದ ಆಮ್ಲ, ಖಾರ, ಮನಸ್ಸಿನ ಚಿಂತೆ ಇವೇ ಕಾರಣಗಳೆಂದು ವೈದ್ಯರೂ ನಂಬಿದ್ದರು. ಆಮ್ಲದಲ್ಲಿ ಯಾವ ರೋಗಾಣುವೂ ಬದುಕಲಾರದೆಂಬುದು ಪಾಠವಾಗಿತ್ತು. ಆಮ್ಲ ತಗ್ಗಿಸುವ ಮಾತ್ರೆಯಿಂದ ಹುಣ್ಣು ಮಾಯುತ್ತಿತ್ತು, ಮಾತ್ರೆ ನಿಲ್ಲಿಸಿದರೆ ಮರುಕಳಿಸುತ್ತಿತ್ತು. ಎಷ್ಟೋ ಜನರ ಜಠರದ ಭಾಗವನ್ನೇ ಶಸ್ತ್ರಚಿಕಿತ್ಸೆಯಿಂದ ತೆಗೆಯಲಾಗುತ್ತಿತ್ತು.

ರಾಯಲ್ ಪರ್ತ್ ಆಸ್ಪತ್ರೆಯ ಪೆಥಾಲಜಿಸ್ಟ್ ರಾಬಿನ್ ವಾರೆನ್ 1979ರ ಜೂನ್ 11ರಂದು, ತಮ್ಮ 42ನೆಯ ಹುಟ್ಟುಹಬ್ಬದ ದಿನ, ಒಂದು ಜಠರದ ಚೂರನ್ನು ನೋಡುತ್ತಿದ್ದಾಗ ಲೋಳೆಪೊರೆಯ ಮೇಲೆ ನೀಲಿ ಗೆರೆಯೊಂದನ್ನು ಕಂಡರು. ಬೆಳ್ಳಿಯ ಬಣ್ಣ ಹಾಕಿ ನೋಡಿದಾಗ ಅವು ಬಾಗಿದ ಆಕಾರದ ಅಸಂಖ್ಯ ಬ್ಯಾಕ್ಟೀರಿಯಾಗಳೆಂದು ತಿಳಿಯಿತು. ಬೇರೆಯವರು ನಂಬಲಿಲ್ಲ. ಆದರೂ ಅವರು ಎರಡು ವರ್ಷ ಚೂರುಗಳನ್ನು ನೋಡುತ್ತಲೇ ಹೋದರು. ಉರಿಯೂತ ಇದ್ದ ಕಡೆ ಈ ಜೀವಿಯೂ ಇರುವುದನ್ನು ಮತ್ತೆ ಮತ್ತೆ ಕಂಡರು.

1981ರಲ್ಲಿ ಬ್ಯಾರಿ ಮಾರ್ಷಲ್ ಎಂಬ ಕಿರಿಯ ವೈದ್ಯರು ಅವರೊಡನೆ ಸೇರಿದರು. 1982ರಲ್ಲಿ ಇಬ್ಬರೂ 100 ರೋಗಿಗಳ ಜಠರದ ಚೂರುಗಳನ್ನು ಕ್ರಮವಾಗಿ ಪರೀಕ್ಷಿಸಿದರು. ಜೀವಿಯನ್ನು ಪ್ರಯೋಗಾಲಯದಲ್ಲಿ ಬೆಳೆಸುವ ಪ್ರಯತ್ನ 30ಕ್ಕೂ ಹೆಚ್ಚು ಬಾರಿ ವಿಫಲವಾಯಿತು, ಏಕೆಂದರೆ 2 ದಿನದಲ್ಲಿ ಬೆಳೆಯದ ತಟ್ಟೆಗಳನ್ನು ಎಸೆಯುವುದು ವಾಡಿಕೆಯಾಗಿತ್ತು. ಆ ವರ್ಷದ ಈಸ್ಟರ್ ರಜೆಯಲ್ಲಿ ತಟ್ಟೆಗಳು ಹಾಗೆಯೇ ಉಳಿದುವು. ರಜೆ ಮುಗಿದು ನೋಡಿದಾಗ ಬ್ಯಾಕ್ಟೀರಿಯಾ ಬೆಳೆದಿತ್ತು. ಸಣ್ಣ ಕರುಳಿನ ಮೊದಲ ಭಾಗದಲ್ಲಿ ಹುಣ್ಣಿದ್ದ 13 ಮಂದಿಯಲ್ಲಿ 13 ಮಂದಿಗೂ ಈ ಸೋಂಕಿತ್ತು. ಈ ಜೀವಿಗೇ ಈಗ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂದು ಹೆಸರು.

ವೈದ್ಯಲೋಕ ಇಷ್ಟಕ್ಕೂ ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಮೊದಲು ತಮ್ಮ ಜಠರದ ಚೂರು ತೆಗೆಸಿ ಅದು ಆರೋಗ್ಯವಾಗಿದೆ ಎಂದು ಖಚಿತಪಡಿಸಿಕೊಂಡು, ಅನಂತರ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಕುಡಿದರು. ಕೆಲವೇ ದಿನಗಳಲ್ಲಿ ಓಕರಿಕೆ, ವಾಂತಿ ಆರಂಭವಾದುವು. ಹತ್ತನೆಯ ದಿನ ಮತ್ತೆ ತೆಗೆದ ಚೂರುಗಳಲ್ಲಿ ಉರಿಯೂತವೂ ಬ್ಯಾಕ್ಟೀರಿಯಾವೂ ಕಂಡುಬಂದುವು. ಮುಂಚಿನ ಚೂರು, ಆಮೇಲಿನ ಚೂರು, ಇವೆರಡೇ ಅವರ ಸಾಕ್ಷಿ. ಇಂಥ ಸಾಹಸ ಯಾರಿಗೂ ತಕ್ಕುದಲ್ಲ; ಆದರೆ ಅದರ ಫಲ ನಮಗೆಲ್ಲ ದೊರೆತಿದೆ. ಮುಂದಿನ ಹತ್ತು ವರ್ಷಗಳಲ್ಲಿ ಹುಣ್ಣಿನ ಚಿಕಿತ್ಸೆಯ ಕ್ರಮವೇ ಬದಲಾಯಿತು. ಇಬ್ಬರಿಗೂ 2005ರಲ್ಲಿ ನೊಬೆಲ್ ಬಹುಮಾನ ಬಂತು.

ನಮ್ಮ ಬೆಳೆಗಾರರಿಗೆ ಇದು ಪೂರಾ ಹೊಸ ಕಥೆಯಲ್ಲ. ಅಡಿಕೆಯ ಕೊಳೆರೋಗವನ್ನು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಸೂಕ್ಷ್ಮದರ್ಶಕದಡಿ ಅಭ್ಯಾಸಮಾಡಿ, ಅದಕ್ಕೆ ಕಾರಣವಾದ ಶಿಲೀಂಧ್ರವನ್ನು 1910ರಲ್ಲಿ ವಿವರಿಸಿದರು. ಮಳೆಯನ್ನಷ್ಟೇ ದೂರುತ್ತ ಕುಳಿತಿದ್ದರೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ನಮ್ಮ ಗೊನೆಗಳಿಗೆ ಬರುತ್ತಿರಲಿಲ್ಲ. ಚಿಂತೆ ಮತ್ತು ಖಾರವನ್ನಷ್ಟೇ ದೂರುತ್ತಿದ್ದರೆ ಹುಣ್ಣಿಗೆ ಸರಿಯಾದ ಮದ್ದೂ ಬರುತ್ತಿರಲಿಲ್ಲ.

ಯೂರಿಯಾದ ಸಾಕ್ಷ್ಯ

ಆಮ್ಲದಲ್ಲಿ ಆ ಜೀವಿ ಬದುಕುವುದು ಹೇಗೆ? ತೋಟಕ್ಕೆ ಹಾಕುವ ಯೂರಿಯಾ ಮಣ್ಣಿನ ಸೂಕ್ಷ್ಮಜೀವಿಗಳಿಂದ ಒಡೆದು ಅಮೋನಿಯಾ ಆಗುವುದನ್ನು ನಾವು ಬಲ್ಲೆವು. ಅದಕ್ಕೆ ಕಾರಣ ಯೂರಿಯೇಸ್ ಎಂಬ ಕಿಣ್ವ. ಹೆಲಿಕೋಬ್ಯಾಕ್ಟರ್ ಬಳಿಯೂ ಈ ಕಿಣ್ವ ಹೇರಳವಾಗಿದೆ. ದೇಹದಲ್ಲಿ ಸಹಜವಾಗಿರುವ ಯೂರಿಯಾವನ್ನು ಒಡೆದು, ಬಂದ ಅಮೋನಿಯಾದಿಂದ ತನ್ನ ಸುತ್ತಲಿನ ಆಮ್ಲವನ್ನು ಅದು ತಗ್ಗಿಸಿಕೊಳ್ಳುತ್ತದೆ. ಹುಳಿ ಮಣ್ಣಿಗೆ ನಾವು ಸುಣ್ಣ ಹಾಕುವುದಿಲ್ಲವೇ, ಇದೂ ಅಂಥದೇ ಉಪಾಯ.

ಇದನ್ನೇ ಬಳಸಿ ವೈದ್ಯರು ಒಂದು ಸುಲಭ ಪರೀಕ್ಷೆ ಮಾಡುತ್ತಾರೆ. ಒಂದು ಚೂರನ್ನು ಯೂರಿಯಾ ಮತ್ತು ಬಣ್ಣ ಬೆರೆಸಿದ ಹಳದಿ ಪಾಕದಲ್ಲಿ ಇಡುತ್ತಾರೆ. ರೋಗಾಣು ಇದ್ದರೆ ಅಮೋನಿಯಾ ಹುಟ್ಟಿ ಹಳದಿ ಕೆಂಪಿಗೆ ತಿರುಗುತ್ತದೆ. ಕೆಲವು ನಿಮಿಷಗಳಿಂದ 24 ಗಂಟೆಯೊಳಗೆ ಉತ್ತರ ತಿಳಿಯುತ್ತದೆ. ಆದರೆ ಇದು ಸೋಂಕು ಇದೆಯೇ ಇಲ್ಲವೇ ಎಂದಷ್ಟೇ ಹೇಳುತ್ತದೆ. ಅದು ಅಂಗಾಂಶಕ್ಕೆ ಎಷ್ಟು ಹಾನಿ ಮಾಡಿದೆ ಎಂದು ತಿಳಿಯಲು ಉಳಿದ ಚೂರುಗಳು ಸೂಕ್ಷ್ಮದರ್ಶಕದಡಿ ಹೋಗಲೇಬೇಕು.

ವರದಿಯಲ್ಲಿ ಬರುವ ಪದಗಳು

ವರದಿ ಕೈಗೆ ಬಂದಾಗ ಅದರಲ್ಲಿನ ಪದಗಳನ್ನು ನೋಡಿ ಗಾಬರಿಯಾಗುವವರಿದ್ದಾರೆ. ‘ಕ್ರಾನಿಕ್ ಗ್ಯಾಸ್ಟ್ರೈಟಿಸ್’ ಎಂದರೆ ಬಹುಕಾಲದ ಉರಿಯೂತ. ಇದು ನಮ್ಮ ದೇಶದಲ್ಲಿ ಬಹಳ ಸಾಮಾನ್ಯ, ಏಕೆಂದರೆ ಹೆಲಿಕೋಬ್ಯಾಕ್ಟರ್ ಸೋಂಕೇ ಸಾಮಾನ್ಯ. ‘ಅಟ್ರೊಫಿ’ ಎಂದರೆ ಗ್ರಂಥಿಗಳು ಸವೆದಿವೆ. ‘ಇಂಟೆಸ್ಟೈನಲ್ ಮೆಟಾಪ್ಲೇಸಿಯಾ’ ಎಂದರೆ ಜಠರದ ಪೊರೆ ಕರುಳಿನ ಪೊರೆಯಂತೆ ರೂಪ ಬದಲಿಸಿದೆ. ‘ಡಿಸ್‌ಪ್ಲೇಸಿಯಾ’ ಎಂದರೆ ಜೀವಕೋಶಗಳು ದಾರಿ ತಪ್ಪತೊಡಗಿವೆ. ‘ಕಾರ್ಸಿನೋಮಾ’ ಎಂದರೆ ಮಾತ್ರ ಕ್ಯಾನ್ಸರ್.

ಇವು ಒಂದರ ಮೇಲೊಂದು ಬರುವ ಮೆಟ್ಟಿಲುಗಳೆಂದು ಕೊಲಂಬಿಯ ದೇಶದ ಪೆಥಾಲಜಿಸ್ಟ್ ಪೆಲಾಯೊ ಕೊರಿಯಾ ಮತ್ತು ಸಂಗಡಿಗರು 1975ರಲ್ಲಿ ಸೂಚಿಸಿದರು. ಮೆಟ್ಟಿಲೇರಲು ಸಾಮಾನ್ಯವಾಗಿ ವರ್ಷಗಳು, ದಶಕಗಳೇ ಹಿಡಿಯುತ್ತವೆ. ಹೆಚ್ಚಿನವರು ಮೊದಲ ಮೆಟ್ಟಿಲಲ್ಲೇ ಉಳಿಯುತ್ತಾರೆ. ಹೆಲಿಕೋಬ್ಯಾಕ್ಟರನ್ನು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1994ರಲ್ಲಿ ಪಟ್ಟಿಮಾಡಿತು. ಜಪಾನಿನಲ್ಲಿ 1,526 ಮಂದಿಯನ್ನು ಸರಾಸರಿ 7.8 ವರ್ಷ ಗಮನಿಸಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಸೋಂಕಿದ್ದ 1,246 ಮಂದಿಯಲ್ಲಿ 36 ಮಂದಿಗೆ ಜಠರದ ಕ್ಯಾನ್ಸರ್ ಬಂತು. ಸೋಂಕಿಲ್ಲದ 280 ಮಂದಿಯಲ್ಲಿ ಒಬ್ಬರಿಗೂ ಬರಲಿಲ್ಲ. ಈ ಅಂಕಿಗಳನ್ನು ಎರಡು ಕಡೆಯಿಂದಲೂ ಓದಬೇಕು. ಸೋಂಕಿದ್ದವರಲ್ಲಿ 100ಕ್ಕೆ 97 ಮಂದಿಗೆ ಕ್ಯಾನ್ಸರ್ ಬರಲಿಲ್ಲ. ಆದರೆ ಬಂದವರೆಲ್ಲರೂ ಸೋಂಕಿದ್ದವರೇ. ಭಾರತದಲ್ಲಿ ಸೋಂಕು ಹೆಚ್ಚಾಗಿದ್ದರೂ ಜಠರದ ಕ್ಯಾನ್ಸರ್ ಜಪಾನ್, ಕೊರಿಯಾಗಳಿಗಿಂತ ಕಡಿಮೆ ಎಂಬುದೂ ನಿಜ.

ಬೇಗ ಕಂಡುಹಿಡಿಯುವುದರ ಬೆಲೆ ಏನೆಂಬುದನ್ನೂ ಜಪಾನೇ ತೋರಿಸಿಕೊಟ್ಟಿದೆ. ಒಳಪದರದಲ್ಲಷ್ಟೇ ಇರುವ ಹಂತದಲ್ಲಿ ಪತ್ತೆಯಾಗಿ ಚಿಕಿತ್ಸೆ ಪಡೆದವರಲ್ಲಿ 100ಕ್ಕೆ 90ಕ್ಕೂ ಹೆಚ್ಚು ಮಂದಿ ಐದು ವರ್ಷದ ನಂತರವೂ ಬದುಕಿರುತ್ತಾರೆ. ಕೆಲವರಿಗೆ ಹೊಟ್ಟೆ ಕೊಯ್ಯದೆ ಎಂಡೋಸ್ಕೋಪಿನಿಂದಲೇ ಆ ಭಾಗ ತೆಗೆಯಲು ಸಾಧ್ಯ. ತೂಕ ಇಳಿದು, ಊಟ ನಿಂತು, ರಕ್ತ ಕಾರಿದ ಮೇಲೆ ಹೋದವರಿಗೆ ಈ ಅನುಕೂಲವಿಲ್ಲ.

ಹೆಸರು ಸರಿಯಾಗಿ ತಿಳಿಯುವುದರ ಇನ್ನೊಂದು ಲಾಭ ನೋಡಿ. ಜಠರದಲ್ಲಿ ‘ಮಾಲ್ಟ್ ಲಿಂಫೋಮಾ’ ಎಂಬ ಅಪರೂಪದ ಗಡ್ಡೆ ಬರುವುದುಂಟು. ಸೋಂಕು ನಿವಾರಿಸಿದರೆ ಈ ಗಡ್ಡೆ ಎಷ್ಟೋ ಜನರಲ್ಲಿ ಕರಗಿಹೋಗುತ್ತದೆ ಎಂದು 1993ರಲ್ಲಿ ಬ್ರಿಟನ್ನಿನ ಸಂಶೋಧಕರು ತೋರಿಸಿದರು. ಚೂರು ನೋಡದೆ ಇದು ಯಾರಿಗೂ ತಿಳಿಯದು.

ನಮ್ಮ ಬೆಳೆಗಳ ಮಾತು

ಕಾಫಿಯಿಂದ ಹುಣ್ಣಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಕಾಫಿಯೇ ಹುಣ್ಣಿಗೆ ಕಾರಣವೆಂಬುದಕ್ಕೆ ಆಧಾರ ದೊರೆತಿಲ್ಲ. ಅದು ಆಮ್ಲದ ಸ್ರಾವ ಹೆಚ್ಚಿಸುವುದರಿಂದ ಕೆಲವರಿಗೆ ಎದೆಯುರಿ ಹೆಚ್ಚುತ್ತದೆ. ಅಂಥವರು ಬರಿಹೊಟ್ಟೆಯ ಲೋಟವನ್ನು ಬಿಟ್ಟರೆ ಸಾಕು.

ಅಡಿಕೆಯ ವಿಷಯದಲ್ಲಿ, ಅದು ನಮ್ಮ ಅನ್ನದ ಬೆಳೆಯೆಂಬ ಕಾರಣಕ್ಕೆ ಮಾತು ಮುಚ್ಚಿಡುವುದು ಸರಿಯಲ್ಲ. ಮೇಲೆ ಹೇಳಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನೂ, ತಂಬಾಕಿಲ್ಲದ ಎಲೆಅಡಿಕೆಯನ್ನೂ 2004ರ ವರದಿಯಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಅಲ್ಲಿನ ಆತಂಕ ಮುಖ್ಯವಾಗಿ ಬಾಯಿ ಮತ್ತು ಅನ್ನನಾಳದ ಬಗ್ಗೆ, ಜಠರದ ಬಗ್ಗೆ ಅಲ್ಲ. ತಂಬಾಕು ಸೇರಿದರೆ ಅಪಾಯ ಇನ್ನೂ ಹೆಚ್ಚು; ಬೀಡಿ ಸಿಗರೇಟು ಜಠರದ ಕ್ಯಾನ್ಸರಿಗೂ ಕಾರಣ. ನಿತ್ಯವೂ ಕವಳ ಹಾಕುವವರು ಬಾಯಲ್ಲಿ ಮಾಯದ ಹುಣ್ಣನ್ನಾಗಲಿ, ನುಂಗುವಾಗಿನ ತಡೆಯನ್ನಾಗಲಿ ಅಲಕ್ಷಿಸಬಾರದು. ಎಂಡೋಸ್ಕೋಪಿನಲ್ಲಿ ಅನ್ನನಾಳವೂ ಕಾಣುತ್ತದೆ.

ತಡಮಾಡಬಾರದ ಲಕ್ಷಣಗಳು

ಪ್ರತಿ ಎದೆಯುರಿಗೂ ಎಂಡೋಸ್ಕೋಪಿ ಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಈ ಮುಂದಿನವು ಕಂಡರೆ ಹಂಗಾಮು ಮುಗಿಯುವ ತನಕ ಕಾಯಬಾರದು: ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ಕಷ್ಟವಾಗುವುದು, ಪದೇ ಪದೇ ವಾಂತಿ, ವಾಂತಿಯಲ್ಲಿ ರಕ್ತ ಅಥವಾ ಕಾಫಿ ಪುಡಿಯಂಥ ಕಪ್ಪು, ಡಾಂಬರಿನಂತೆ ಕಪ್ಪಾದ ಮಲ, ರಕ್ತಹೀನತೆ, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾಗುವುದು, ಹತ್ತಿರದ ಸಂಬಂಧಿಕರಲ್ಲಿ ಜಠರದ ಕ್ಯಾನ್ಸರ್ ಇದ್ದದ್ದು. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುವುದುಂಟು, ಅದನ್ನು ವೈದ್ಯರಿಗೆ ತಿಳಿಸಿರಿ. ರಕ್ತ ಕಾರಿದರೆ ಅಥವಾ ಕಪ್ಪು ಮಲದೊಂದಿಗೆ ತಲೆ ಸುತ್ತಿದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಬೇಕು. 40-45 ವರ್ಷ ದಾಟಿದವರಲ್ಲಿ ಹೊಸದಾಗಿ ಆರಂಭವಾದ ಅಜೀರ್ಣ ಕೆಲವು ವಾರಗಳಲ್ಲಿ ಗುಣವಾಗದಿದ್ದರೂ ತೋರಿಸಿಕೊಳ್ಳುವುದು ಒಳ್ಳೆಯದು.

ಕೆಲಸದಾಳುಗಳ ವಿಷಯವನ್ನೂ ಮರೆಯಬಾರದು. ಕೊಯ್ಲಿನ ದಿನಗಳಲ್ಲಿ ಮೈಕೈ ನೋವಿಗೆ ಅವರು ನುಂಗುವ ಮಾತ್ರೆ ಹೊಟ್ಟೆಯೊಳಗೆ ಸದ್ದಿಲ್ಲದೆ ಹುಣ್ಣು ಮಾಡಬಹುದು. ಲೈನ್ ಮನೆಯಲ್ಲಿ ಯಾರಾದರೂ ಬಿಳಿಚಿಕೊಂಡು, ಸುಸ್ತಾಗಿ ಕುಳಿತರೆ ಮಾಲೀಕರು ವಿಚಾರಿಸುವುದು ಧರ್ಮ.

ಪರೀಕ್ಷೆಗೆ ಮುನ್ನ, ಪರೀಕ್ಷೆಯ ನಂತರ

ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಜಾತಿಯ ಮಾತ್ರೆಗಳು ರೋಗಾಣುವನ್ನು ಅಡಗಿಸಿ, ಇದ್ದರೂ ಇಲ್ಲವೆಂಬ ಫಲಿತಾಂಶ ಕೊಡಬಹುದು. ಕ್ಯಾನ್ಸರಿನ ಹುಣ್ಣನ್ನೂ ಮಾಯುತ್ತಿರುವಂತೆ ತೋರಿಸಿ ಮರೆಮಾಚುವುದುಂಟು. ಸೋಂಕಿನ ಪರೀಕ್ಷೆಗೆ 2 ವಾರ ಮೊದಲು ಈ ಮಾತ್ರೆಯನ್ನೂ, 4 ವಾರ ಮೊದಲು ಆಂಟಿಬಯೋಟಿಕ್ಕನ್ನೂ ಬಿಟ್ಟಿರುವುದು ಕ್ರಮ. ಬಿಡಬಹುದೇ ಎಂದು ವೈದ್ಯರನ್ನು ಕೇಳಿರಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿರಿ. ಯಾವ ಮಾತ್ರೆ ಎಷ್ಟು ದಿನದಿಂದ ನುಂಗುತ್ತಿದ್ದೀರಿ ಎಂಬುದನ್ನು ಚೀಟಿಯಲ್ಲಿ ಬರೆದೊಯ್ಯಿರಿ. ನಾಟಿ ಔಷಧವಿದ್ದರೆ ಅದನ್ನೂ ಹೇಳಿರಿ.

ಎಂಡೋಸ್ಕೋಪಿಯ ಚಿತ್ರ ಕೈಗೆ ಬಂದೊಡನೆ ಕೆಲಸ ಮುಗಿಯಿತೆಂದು ಊರಿಗೆ ಬಂದುಬಿಡುವುದು, ಬಯಾಪ್ಸಿ ವರದಿಯನ್ನು ತರಲು ಹೋಗದಿರುವುದು ನಮ್ಮಲ್ಲಿ ಕಾಣುವ ದೊಡ್ಡ ದೋಷ. ನಿಜವಾದ ಉತ್ತರ ಇರುವುದು ಆ ಎರಡನೆಯ ಕಾಗದದಲ್ಲಿ. ಯಾವ ದಿನ ಬರುತ್ತದೆ ಎಂದು ಕೇಳಿ ಬರೆದಿಟ್ಟು, ಆ ದಿನ ಹೋಗಿ ತಂದು, ವೈದ್ಯರಿಗೆ ತೋರಿಸಿ, ಪಹಣಿ ಪತ್ರದಷ್ಟೇ ಜೋಪಾನವಾಗಿ ಇಡಬೇಕು. ಮುಂದೆ ಬೇರೆ ಆಸ್ಪತ್ರೆಗೆ ಹೋದಾಗ ಹಳೆಯ ವರದಿಯೊಡನೆ ಹೋಲಿಸುವುದು ಬಹಳ ಉಪಯುಕ್ತ. ಅನುಮಾನವಿದ್ದರೆ ಅದೇ ಗಾಜಿನ ಪಟ್ಟಿಯನ್ನು, ಮೇಣದ ಅಚ್ಚನ್ನು ಕೇಳಿ ಪಡೆದು ಇನ್ನೊಬ್ಬ ಪೆಥಾಲಜಿಸ್ಟರಿಗೆ ತೋರಿಸಬಹುದು.

ಸೋಂಕು ಇದ್ದರೆ ಆಮ್ಲ ತಗ್ಗಿಸುವ ಮಾತ್ರೆಯ ಜೊತೆಗೆ ಎರಡು ಅಥವಾ ಹೆಚ್ಚು ಬಗೆಯ ಔಷಧಗಳನ್ನು ಸಾಮಾನ್ಯವಾಗಿ 14 ದಿನ ಕೊಡುತ್ತಾರೆ. ಐದಾರು ದಿನಕ್ಕೇ ಉರಿ ಶಮನವಾಯಿತೆಂದು ನಿಲ್ಲಿಸಿದರೆ ರೋಗಾಣು ಔಷಧಕ್ಕೆ ಬಗ್ಗದಂತಾಗುತ್ತದೆ. ಮುಗಿಸಿ 4 ವಾರವಾದ ಮೇಲೆ ಉಸಿರಿನ ಅಥವಾ ಮಲದ ಪರೀಕ್ಷೆಯಿಂದ ಸೋಂಕು ಹೋಗಿದೆಯೇ ಎಂದು ನೋಡಿಸಬೇಕು. ಜಠರದಲ್ಲಿ ಹುಣ್ಣಿದ್ದವರಿಗೆ 8ರಿಂದ 12 ವಾರದ ನಂತರ ಮತ್ತೊಮ್ಮೆ ಎಂಡೋಸ್ಕೋಪಿ ಬೇಕೆಂದರೆ ತಪ್ಪಿಸಬೇಡಿರಿ. ಮಾಯದ ಹುಣ್ಣೇ ಸಂಶಯದ ಹುಣ್ಣು.

ಖರ್ಚಿನ ಚಿಂತೆಯುಳ್ಳವರು ಮೊದಲು ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಶಿವಮೊಗ್ಗ, ಹಾಸನ, ಚಿಕ್ಕಮಗಳೂರು, ಮಡಿಕೇರಿ, ಕಾರವಾರಗಳಲ್ಲಿ ಇಂಥ ಕಾಲೇಜುಗಳಿವೆ. ಅಲ್ಲಿ ಪೆಥಾಲಜಿ ವಿಭಾಗ ಇದ್ದೇ ಇರುತ್ತದೆ. ಯಶಸ್ವಿನಿ ಯೋಜನೆಗೆ ಅಥವಾ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಗೆ ಸೇರಿದವರು, ಪರೀಕ್ಷೆ ಮತ್ತು ಚಿಕಿತ್ಸೆಯಲ್ಲಿ ಯಾವ ಭಾಗಕ್ಕೆ ನೆರವು ದೊರೆಯುತ್ತದೆ ಎಂದು ಆಸ್ಪತ್ರೆಯಲ್ಲಿ ಮುಂಚೆಯೇ ಕೇಳಿಕೊಳ್ಳಬೇಕು.

ಬಿಳಿ ಕಾಂಡಕೊರಕ ಹಿಡಿದ ಅರೇಬಿಕಾ ಗಿಡ ಮೇಲ್ನೋಟಕ್ಕೆ ಕೆಲಕಾಲ ಹಸಿರಾಗಿಯೇ ಇರುತ್ತದೆ. ತೊಗಟೆಯ ಕೆಳಗೆ ನೋಡಿದ ಬೆಳೆಗಾರ ಸುತ್ತಲಿನ ಗಿಡಗಳನ್ನು ಉಳಿಸಿಕೊಳ್ಳುತ್ತಾನೆ, ನೋಡದವನು ಸಾಲುಸಾಲು ಕಳೆದುಕೊಳ್ಳುತ್ತಾನೆ. ಗಿಡ ಹೋದರೆ ಮರುನಾಟಿ ಮಾಡಬಹುದು. ಮನೆಯ ಯಜಮಾನನಿಗಾಗಲಿ, ಯಜಮಾನಿಗಾಗಲಿ ಮರುನಾಟಿಯಿಲ್ಲ. ಈ ಸಲ ಕೊಯ್ಲಿಗೆ ಮುನ್ನ, ತಿಂಗಳುಗಟ್ಟಲೆ ಮಾತ್ರೆ ನುಂಗುತ್ತಿರುವವರು ಮನೆಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಸದಸ್ಯ ಬಾಂಧವರು ಒಮ್ಮೆ ನೋಡಿಕೊಳ್ಳಬೇಕೆಂದು ನಮ್ಮ ವಿನಂತಿ. ಇದ್ದರೆ ಒಂದು ದಿನದ ಕೆಲಸ ಬಿಟ್ಟು ವೈದ್ಯರಲ್ಲಿಗೆ ಕರೆದೊಯ್ಯಿರಿ. ಚೂರು ತೆಗೆಯಬೇಕೆಂದರೆ ಹೆದರದೆ ಒಪ್ಪಿಕೊಳ್ಳಿರಿ.